ಎದುರಿಗೆ ಹೊಗಳಿದರೆ ಕೆಟ್ಟುಹೋಗ್ತಾರೆ

ಬಾಯಿ ಸುಮ್ಮನಿರದವನಿಗೆ ಇಂಥವು ಆಗುತ್ತಲೇ ಇರುತ್ತವೆ. ನನ್ನದು ಮೂವತ್ತೊಂದು ವರ್ಷದ ಸರ್ವಿಸು. ಹಾಸನದ ಒಂದು ಕಾಲೇಜಿನಲ್ಲಿ ನಾನು ಆಟದ ಮೇಷ್ಟ್ರು. ಕಾಗದದ ಮೇಲೆ ದೈಹಿಕ ಶಿಕ್ಷಣ ನಿರ್ದೇಶಕ, ಮಕ್ಕಳ ಬಾಯಲ್ಲಿ ಪಿ.ಇ. ಸಾರ್, ಬೆನ್ನ ಹಿಂದೆ ಏನಂತ ಕರೆಯುತ್ತಿದ್ದರೋ ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಹೋದ ವರ್ಷ ನಿವೃತ್ತನಾದೆ. ಬೀಳ್ಕೊಡುಗೆಯಲ್ಲಿ ಮಾತಾಡಿದವರೆಲ್ಲ ನನ್ನ ಶಿಸ್ತನ್ನು ಹೊಗಳಿದರು. ಬೇರೆ ಏನೂ ನೆನಪಾಗದಿದ್ದಾಗ ಜನ ಶಿಸ್ತನ್ನು ಹೊಗಳುತ್ತಾರೆ ಅನ್ನುವುದು ನನಗೂ ಗೊತ್ತು.

ನಾನು ಹೆಚ್ಚಾಗಿ ಬೆವರು ಸುರಿಸಿದ್ದು ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ. ನನ್ನದು ಒಂದೇ ಸಿದ್ಧಾಂತ: ಎದುರಿಗೆ ಹೊಗಳಿದರೆ ಕೆಟ್ಟುಹೋಗ್ತಾರೆ. ಈ ಸಿದ್ಧಾಂತ ಒಬ್ಬಳಿಗೆ ಏನು ಮಾಡಿತು, ಕೊನೆಗೆ ನನಗೆ ಏನು ಮಾಡಿತು ಅನ್ನುವುದನ್ನು ಹೇಳಿಬಿಡುತ್ತೇನೆ. ನಗುವವರು ನಗಲಿ. ನನಗೆ ಅರ್ಧಕ್ಕರ್ಧ ನಗು ಬರುತ್ತದೆ.

ಗುರುಗಳು

ಈ ರೋಗ ನನಗೆ ಅಂಟಿದ್ದು ಹೊಳೆನರಸೀಪುರದಲ್ಲಿ. ಅಲ್ಲಿ ಹೈಸ್ಕೂಲಿನಲ್ಲಿ ನನಗೆ ಬಾಲು ಹಿಡಿಯಲು ಕಲಿಸಿದವರು ಡ್ರಿಲ್ ಮಾಸ್ಟ್ರು. ಮಣ್ಣಿನ ಕೋರ್ಟು, ಬಲೆಯಿಲ್ಲದ ರಿಂಗು, ಮೂರು ಕಡೆ ಹೊಲಿಗೆ ಬಿಟ್ಟ ಬಾಲು. ತಾಲ್ಲೂಕಿನ ಫೈನಲ್ಲು. ಕೊನೆಯ ಗಳಿಗೆಯಲ್ಲಿ ನಾನು ಅರ್ಧ ಕೋರ್ಟಿನಿಂದ ಕಣ್ಣು ಮುಚ್ಚಿ ಎಸೆದ ಬಾಲು ರಿಂಗಿನೊಳಗೆ ಬಿತ್ತು. ಗೆದ್ದೆವು. ಹುಡುಗರು ನನ್ನನ್ನು ಹೆಗಲ ಮೇಲೆ ಎತ್ತಿಕೊಂಡರು. ಮಾಸ್ಟ್ರು ಕೆಳಗಿಳಿಸಿ ಕಿವಿ ಹಿಡಿದರು.

"ಪಾಸ್ ಕೊಡಾಕೆ ನಾಕ್ ಜನ ನಿಂತಿದ್ರಲ್ಲ, ಅಷ್ಟು ದೂರದಿಂದ ಎಸಿಯಾಕೆ ನೀನೇನು ಮಾವಿನಕಾಯಿ ಕೆಡವ್ತಾ ಇದ್ಯೇನ್ಲಾ?"

ನನಗೆ ಬೇಜಾರಾಗಲಿಲ್ಲ. ಉಳಿದವರಿಗೆ ಬೆನ್ನಿಗೆ ಬೀಳುತ್ತಿತ್ತು, ನನಗೆ ಕಿವಿ ಮಾತ್ರ. ಅದನ್ನೇ ಬಹುಮಾನ ಅಂದುಕೊಂಡು ಮನೆಗೆ ಹೋದೆ.

ಅವತ್ತು ಸಂಜೆ ಅವರು ನಮ್ಮಮ್ಮನ ಹತ್ತಿರ "ನಿಮ್ಮ ಹುಡುಗ ಚೆನ್ನಾಗಾಡ್ದ ಕಣವ್ವ" ಅಂದಿದ್ದರಂತೆ. ಆ ಮಾತು ನನ್ನ ಕಿವಿಗೆ ಬಿದ್ದದ್ದು ಹನ್ನೊಂದು ವರ್ಷದ ಮೇಲೆ, ನನ್ನ ಮದುವೆ ಮನೆಯಲ್ಲಿ. "ಅಲ್ಲಮ್ಮ, ಅವತ್ತೇ ಹೇಳಬಾರದಿತ್ತ?" ಅಂದೆ.

"ಹೇಳ್ಬ್ಯಾಡ, ಕೆಟ್ಟೋಯ್ತಾನೆ ಅಂದಿದ್ರು ಕಣಪ್ಪ. ಈಗ ಎಂಗೂ ಮದುವೆ ಆಯ್ತಲ್ಲ, ಇನ್ನೇನು ಕೆಡಾದು" ಅಂದಳು ಅಮ್ಮ.

ಕೆಲಸ ಸಿಕ್ಕಿದಾಗ ಮೈಸೂರುಪಾಕು ತೆಗೆದುಕೊಂಡು ಮಾಸ್ಟ್ರ ಮನೆಗೆ ಹೋಗಿ ಕಾಲಿಗೆ ಬಿದ್ದೆ. ಒಂದು ತುಂಡು ಬಾಯಿಗೆ ಹಾಕಿಕೊಂಡು, ಆರ್ಡರಿನ ಕಾಗದವನ್ನು ಎರಡು ಸಲ ಓದಿದರು. ಕಣ್ಣು ಒದ್ದೆಯಾಗಿತ್ತು. ಆಮೇಲೆ ಕೇಳಿದರು: "ಆ ಕಾಲೇಜಿನೋರಿಗೆ ಬೇರೆ ಯಾರೂ ಸಿಗಲಿಲ್ವೇನ್ಲಾ?"

ಓಟದ ಕಪ್ಪು

ನನ್ನ ಕೋರ್ಟಿನಲ್ಲಿ ಕಾನೂನು ಸರಳ. ಫ್ರೀ ಥ್ರೋ ತಪ್ಪಿದರೆ ಮೈದಾನಕ್ಕೆ ಒಂದು ರೌಂಡು. ಪಾಸು ಕೈಬಿಟ್ಟರೆ ಎರಡು. ಎದುರುತ್ತರ ಕೊಟ್ಟರೆ ಐದು. ಹೆಸರು ಹಿಡಿದು ಕರೆಯುವ ಅಭ್ಯಾಸವೂ ನನಗಿರಲಿಲ್ಲ. ಶಾಂತಿಗ್ರಾಮ, ಹಳ್ಳಿಮೈಸೂರು ಅಂತ ಊರಿನ ಹೆಸರೇ ಸಾಕು. ಹೆಸರು ಹಿಡಿದರೆ ಸಲಿಗೆ ಬೆಳೆಯುತ್ತದೆ ಅನ್ನುವುದು ಇನ್ನೊಂದು ಸಿದ್ಧಾಂತ.

ಹೀಗಿರುವಾಗ ಒಂದು ವರ್ಷ ಕೊಣನೂರು ಬಂತು. ಅಂದರೆ ಕೊಣನೂರಿನ ಹುಡುಗಿ. ಆರಡಿಗೆ ಒಂದೇ ಇಂಚು ಕಡಿಮೆ. ಹೈಸ್ಕೂಲಿನಲ್ಲಿ ಥ್ರೋಬಾಲ್ ಆಡಿದ್ದು ಬಿಟ್ಟರೆ ಬೇರೇನೂ ಗೊತ್ತಿಲ್ಲ. ಅವ್ವ ಬಟ್ಟೆ ಹೊಲಿಯುವವರು, ಅಪ್ಪ ಇಲ್ಲ. ಮೊದಲ ವಾರದಲ್ಲೇ ನೋಡಿದೆ, ಬೋರ್ಡಿಗೆ ತಗುಲಿ ಬಾಲು ಎಲ್ಲಿಗೆ ಬೀಳುತ್ತದೆ ಅನ್ನುವುದು ಬಾಲಿಗಿಂತ ಮೊದಲು ಈ ಹುಡುಗಿಗೆ ಗೊತ್ತಾಗುತ್ತದೆ. ಇದು ಕಲಿಸಿ ಬರುವುದಲ್ಲ. ನನ್ನ ಸರ್ವಿಸಿನಲ್ಲಿ ಇಂಥವಳು ಇನ್ನೊಬ್ಬಳು ಸಿಗುವುದಿಲ್ಲ ಅಂತ ಆಗಲೇ ಗೊತ್ತಾಯಿತು. ಮಾರನೆಯ ಬೆಳಿಗ್ಗೆಯಿಂದ ಅವಳನ್ನೇ ಹುಡುಕಿಕೊಂಡು ಬಯ್ಯಲು ಶುರುಮಾಡಿದೆ.

"ಏಯ್ ಕೊಣನೂರು, ಅದು ಕೈಯೋ ಮೊರವೋ? ಬಾಲು ಹಿಡಿ ಅಂದರೆ ಅಕ್ಕಿ ಕೇರ್ತೀಯಲ್ಲ!"

ಶಾಂತಿಗ್ರಾಮದ ಹುಡುಗಿಗೆ ಬಾಲು ಎದೆಗೆ ಬಂದು ಬಡಿದರೂ ಹಿಡಿಯಲು ಬರುತ್ತಿರಲಿಲ್ಲ. ಅವಳಿಗೆ ಬಯ್ದು ಪ್ರಯೋಜನವಿಲ್ಲ ಅಂತ ನಾನು ಏನೂ ಅನ್ನುತ್ತಿರಲಿಲ್ಲ. ಮೂರು ವರ್ಷವೂ ಆ ಹುಡುಗಿ ಸಾರಿಗೆ ತನ್ನ ಕಂಡರೆ ಬಲು ಪ್ರೀತಿ ಅಂತ ನಂಬಿಕೊಂಡಿತ್ತು. ಈಗಲೂ ಯುಗಾದಿಗೆ ಮೆಸೇಜು ಕಳಿಸುತ್ತಾಳೆ.

ಆ ವರ್ಷ ಅಂತರಕಾಲೇಜು ಪಂದ್ಯದಲ್ಲಿ ನಮ್ಮ ತಂಡ ಮೊದಲ ಸುತ್ತಿನಲ್ಲೇ ಮನೆಗೆ ಬಂತು. ಬಾಲು ಕಂಡರೆ ಮಕ್ಕಳು ನಡುಗುತ್ತಿದ್ದರು. ತಪ್ಪಿಸಿದರೆ ಏನಾಗುತ್ತದೆ ಅಂತ ಎಲ್ಲರ ಕಣ್ಣೂ ನನ್ನ ಕಡೆ, ರಿಂಗಿನ ಕಡೆ ಯಾರೂ ಇಲ್ಲ. ಮುಂದಿನ ತಿಂಗಳು ಅಥ್ಲೆಟಿಕ್ಸ್ ಕೂಟವಿತ್ತು. ಕಾಲೇಜಿನ ಕಡೆಯಿಂದ ಯಾರಾದರೂ ಹೋಗಲೇಬೇಕು ಅಂತ ಪ್ರಿನ್ಸಿಪಾಲರು ಹೇಳಿದ್ದಕ್ಕೆ ನಮ್ಮ ತಂಡವನ್ನೇ ಐದು ಸಾವಿರ ಮೀಟರ್ ಓಟಕ್ಕೆ ನಿಲ್ಲಿಸಿದೆ. ಮೊದಲ ನಾಲ್ಕೂ ಸ್ಥಾನ ನಮ್ಮವೇ, ಕಪ್ಪೂ ನಮ್ಮದೇ.

ಪ್ರಿನ್ಸಿಪಾಲರು ಸಭೆ ಕರೆದು, ಓಟದಲ್ಲಿ ಇಂಥ ವೈಜ್ಞಾನಿಕ ತರಬೇತಿ ಕೊಟ್ಟಿದ್ದಕ್ಕೆ ನನಗೆ ಶಾಲು ಹೊದಿಸಿದರು. ಆ ಕಪ್ಪು ಈಗಲೂ ಕಾಲೇಜಿನ ಗಾಜಿನ ಬೀರುವಿನಲ್ಲಿದೆ. ಎಷ್ಟು ಬಾಲು ಕೈಬಿಟ್ಟರೆ ಅಂಥ ಕಪ್ಪು ಬರುತ್ತದೆ ಅಂತ ನನಗೆ, ಆ ಮಕ್ಕಳಿಗೆ ಮಾತ್ರ ಗೊತ್ತು.

ಮೊದಲು ಬಂದವಳು ಕೊಣನೂರೇ. ಮೆಡಲು ಕೊರಳಲ್ಲಿ ಹಾಕಿಕೊಂಡು ನನ್ನ ಮುಂದೆ ಬಂದು ನಿಂತಳು. ಏನೋ ಒಂದು ಮಾತಿಗೆ ಕಾಯುತ್ತಿದ್ದಾಳೆ ಅಂತ ಗೊತ್ತಾಯಿತು. ನಾನು ಸುಮ್ಮನೆ ಗಡಿಯಾರ ನೋಡಿಕೊಂಡೆ. ಅವಳೇ ಕೇಳಿದಳು: "ಸಾ, ಇದುಕ್ಕೂ ರೌಂಡ್ ಒಡೀಬೇಕಾ?"

ಅಲಾರಾಂ

ಅವಳು ಎರಡನೇ ವರ್ಷದಲ್ಲಿದ್ದಾಗ ಒಂದು ದಿನ ಅವಳ ಅವ್ವ ಕಾಲೇಜಿಗೆ ಬಂದರು. ಕೊಣನೂರಿನಿಂದ ಅರಕಲಗೂಡಿಗೆ ಬಂದು, ಅಲ್ಲಿಂದ ಹಾಸನದ ಬಸ್ಸು ಹತ್ತಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ನನ್ನ ರೂಮಿನ ಬಾಗಿಲಲ್ಲಿ ನಿಂತರು. ಹಿಂದಿನ ದಿನವಷ್ಟೇ ಮಗಳನ್ನು ಹಿಗ್ಗಾಮುಗ್ಗಾ ಬಯ್ದಿದ್ದೆ. ಜಗಳಕ್ಕೇ ಬಂದಿದ್ದಾರೆ ಅಂದುಕೊಂಡು ಎದ್ದು ನಿಂತೆ, ಕುರ್ಚಿ ತೋರಿಸಿದೆ, ಕಾಫಿ ತರಿಸಲೇ ಅಂದೆ.

"ಕಾಪಿ ಬ್ಯಾಡ ಸಾ. ನೀವು ನನ್ ಮಗಳ್ನ ಬಯ್ತೀರಂತಲ್ಲ."

"ಹಾಗಲ್ಲ ತಾಯಿ, ಆಟ ಅಂದಮೇಲೆ ಒಂದು ಮಾತು..."

"ಸಾಲ್ದು ಸಾ."

ನನಗೆ ಅರ್ಥವಾಗಲಿಲ್ಲ.

"ಬೆಳಗಾನ ಮೊದಲ್ನೇ ಬಸ್ಸಿಗೆ ಇವಳ್ನ ಎಬ್ಬುಸ್ಬೇಕಲ್ಲ ಸಾ, ನನ್ ಕೈಲಿ ಆಗಾಕಿಲ್ಲ. ನೀರೆರಚಿದ್ರೂ ಏಳಾಕಿಲ್ಲ. ನಿಮ್ ಎಸರೇಳಿದ್ರೆ ಮಾತ್ರ ದಡಕ್ಕಂತ ಎದ್ದು ಕೂತ್ಕತಾಳೆ. ಅದಕ್ಕೇ ನಿಮ್ ಬಾಯಿಂದ ಒಂದ್ನಾಕು ಮಾತು ಈ ಫೋನಲ್ಲಿ ಇಡುಸ್ಕೊಂಡು ಓಗಾಣ ಅಂತ ಬಂದೆ."

ಸೆರಗಿನ ಗಂಟಿನಿಂದ ಮಗಳ ಫೋನು ತೆಗೆದು ಮೇಜಿನ ಮೇಲಿಟ್ಟರು. ಜೀವನದಲ್ಲಿ ನನ್ನ ಬಯ್ಗುಳಕ್ಕೆ ಸಿಕ್ಕ ಮೊದಲ ಮರ್ಯಾದೆ ಅದು. ಗಂಟಲು ಸರಿಮಾಡಿಕೊಂಡು, ನಿಂತುಕೊಂಡೇ ಹೇಳಿದೆ: "ಏಯ್ ಕೊಣನೂರು! ಎದ್ದಿದೀಯೋ ಇಲ್ವೋ? ಕಾಲು ಉದ್ದ ಇದ್ರೆ ಸಾಲದು, ನೆಲದ ಮೇಲೆ ಇಡಬೇಕು. ಏಳು ಮೇಲಕ್ಕೆ, ಬಸ್ಸು ನಿಮ್ಮಪ್ಪಂದಲ್ಲ!"

ಪಕ್ಕದ ರೂಮಿನಲ್ಲಿ ನಿದ್ದೆಗೆ ಜಾರಿದ್ದ ಲೈಬ್ರೇರಿಯನ್ ಎದ್ದು ಹೊರಗೆ ಬಂದರು. ಅವ್ವ ಕೈಮುಗಿದು, ತೃಪ್ತಿಯಿಂದ ಹೋದರು. ತಿಂಗಳಾದ ಮೇಲೆ ಹುಡುಗಿಯನ್ನು ಕೇಳಿದೆ, ಕೆಲಸ ಮಾಡ್ತಿದೆಯಾ ಅಂತ.

"ನಮ್ ಬೀದಿ ಪೂರ್ತಿ ಏಳ್ತದೆ ಸಾ" ಅಂದಳು.

ಆಯ್ಕೆ

ಇದನ್ನು ಬರೆಯಬೇಕೋ ಬೇಡವೋ ಅಂತ ಬಹಳ ದಿನ ಯೋಚಿಸಿದ್ದೇನೆ. ನಗೆಯ ಪ್ರಸಂಗವೇ, ಆದರೆ ಇದನ್ನು ನೆನೆದರೆ ನನಗೆ ಊಟ ಸೇರುವುದಿಲ್ಲ.

ಅವಳದು ಕೊನೆಯ ವರ್ಷ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ನಡೆಯುವುದಿತ್ತು. ಆ ತಂಡದಲ್ಲಿ ಒಂದು ಸಲ ಹೆಸರು ಬಂದರೆ ಸಾಕು, ಬಿ.ಪಿ.ಎಡ್ ಓದಲು ಕ್ರೀಡಾ ಕೋಟಾದಲ್ಲಿ ಸೀಟು ಗ್ಯಾರಂಟಿ. ಅವಳಿಗೆ ಆಟದ ಮೇಷ್ಟ್ರಾಗಬೇಕು ಅಂತ ಆಸೆ. ನನ್ನನ್ನು ನೋಡಿಯೂ ಒಬ್ಬರಿಗೆ ಆ ಆಸೆ ಹುಟ್ಟಿತ್ತು ಅನ್ನುವುದೇ ಆಶ್ಚರ್ಯ. ಮೂರು ತಿಂಗಳು ಓಡಿಬಂದು ಎಗರಿ ಎಡಗೈಯಲ್ಲಿ ಲೇ ಅಪ್ ಹಾಕಿ ಹಾಕಿ ಹೆಗಲು ಊದಿಸಿಕೊಂಡಿದ್ದಳು. ಅದು ನನಗೆ ಗೊತ್ತು. ಗೊತ್ತು ಅಂತ ಅವಳಿಗೆ ಹೇಳಿರಲಿಲ್ಲ.

ನಮ್ಮ ಜಿಲ್ಲೆಯಿಂದ ಮೂವರು ಹುಡುಗಿಯರು, ಮೂವರು ಮೇಷ್ಟ್ರು ಒಂದೇ ಬಸ್ಸಿನಲ್ಲಿ ಹೋಗಿದ್ದೆವು: ನಾನು, ಹೊಳೆನರಸೀಪುರದವರು, ಅರಕಲಗೂಡಿನವರು. ಬೆಳಿಗ್ಗೆಯಿಂದ ಆಡಿಸಿದರು. ನನ್ನ ಹುಡುಗಿ ಅವತ್ತು ಆಡಿದ ಆಟ ನಾನು ಸಾಯುವಾಗಲೂ ಕಣ್ಣ ಮುಂದೆ ಬರುತ್ತದೆ. ಬೋರ್ಡಿಗೆ ಬಡಿದು ಬರುವ ರಿಬೌಂಡಿಗೆ ಅವಳು ಮೇಲೆದ್ದರೆ ಉಳಿದವರು ಕೆಳಗೆ ನಿಂತು ನೋಡುವುದೊಂದೇ ಕೆಲಸ. ಸಂಜೆ ಹೊತ್ತಿಗೆ ಹಿಂದಿನ ವರ್ಷದ ತಂಡದಲ್ಲಿದ್ದ ಹತ್ತು ಹೆಸರು ಖಾಯಂ ಆಗಿ, ಎರಡು ಜಾಗ ಉಳಿದವು. ಆ ಎರಡು ಜಾಗಕ್ಕೆ ನಮ್ಮ ಮೂವರು, ಇನ್ನೊಂದು ಕಾಲೇಜಿನ ಇಬ್ಬರು.

ಆಯ್ಕೆ ಮಾಡುವವರು ಹೊರ ರಾಜ್ಯದಿಂದ ಬಂದು ನಾಲ್ಕು ತಿಂಗಳಾಗಿದ್ದ ಹೊಸಬರು. ಪುಸ್ತಕದಲ್ಲಿ ಓದಿದ ಕನ್ನಡ, ಸಭ್ಯ ಮನುಷ್ಯ. "ಆಟ ನೋಡಿದೆ. ನಿಮ್ಮ ಮಕ್ಕಳನ್ನು ಮೂರು ವರ್ಷದಿಂದ ಬಲ್ಲವರು ನೀವು. ನಿಮ್ಮ ಅಭಿಪ್ರಾಯ ಹೇಳಿ, ಬರೆದುಕೊಳ್ಳುತ್ತೇನೆ" ಅಂತ ಪೆನ್ನು ತೆಗೆದರು. ಹುಡುಗಿಯರು ನಮ್ಮ ಹಿಂದೆಯೇ ಸಾಲಾಗಿ ನಿಂತಿದ್ದರು.

ನಮ್ಮ ಕಡೆ ಒಂದು ಪದ್ಧತಿ ಇದೆ. ನಮ್ಮ ಮಕ್ಕಳನ್ನು ಎದುರಿಗಿಟ್ಟುಕೊಂಡು ನಾವೇ ಹೊಗಳುವುದಿಲ್ಲ. ದೃಷ್ಟಿಯಾಗುತ್ತದೆ, ಕೊಬ್ಬುತ್ತಾರೆ, ಜನ ಏನಂದಾರು, ಕಾರಣ ನೂರು. ನಾವು ತೆಗಳುತ್ತೇವೆ, ಎದುರಿಗಿದ್ದವರು "ಛೆ ಛೆ, ಹಂಗನ್ಬೇಡಿ, ಹುಡುಗಿ ಚಿನ್ನದಂಥವಳು" ಅನ್ನಬೇಕು. ಹೆಣ್ಣು ನೋಡಲು ಬಂದಾಗಲೂ ಹೀಗೇ, ಎಮ್ಮೆ ನೋಡಲು ಬಂದಾಗಲೂ ಹೀಗೇ. ಎದುರಿಗಿದ್ದವರಿಗೆ ತಮ್ಮ ಪಾಲಿನ ಮಾತು ಗೊತ್ತಿರುತ್ತದೆ.

ಅರಕಲಗೂಡಿನವರು ಮೊದಲು ಶುರುಮಾಡಿದರು. "ಅಯ್ಯೋ, ನಮ್ಮೋಳ್ದೇನು ಸಾರ್, ಗೋಡೆಗೆ ಬಾಲ್ ಹೊಡಿ ಅಂದ್ರೆ ಗೋಡೆನೇ ತಪ್ಪಿಸ್ತಾಳೆ."

ಹೊಸಬರು "ಛೆ ಛೆ" ಅನ್ನಲಿಲ್ಲ. ಬರೆದುಕೊಂಡರು.

ಹೊಳೆನರಸೀಪುರದವರು ಹಿಂದೆ ಬೀಳುವವರಲ್ಲ. "ನಮ್ಮೋಳ್ನ ಕರ್ಕೊಂಡು ಬಂದಿದ್ದು ಬಸ್ಸಲ್ಲಿ ಸೀಟ್ ಹಿಡಿಯೋಕೆ ಸಾರ್. ಆಟಕ್ಕಲ್ಲ."

ಅದನ್ನೂ ಬರೆದುಕೊಂಡರು.

ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಇಬ್ಬರೂ ಇಷ್ಟು ಚೆನ್ನಾಗಿ ತೆಗಳಿರುವಾಗ ನಾನು ಕಡಿಮೆಯಾಗಬಾರದು ಅನ್ನುವುದೊಂದೇ ತಲೆಯಲ್ಲಿತ್ತು. "ಏನೂ ಬರಲ್ಲ ಸಾರ್ ಇವಳಿಗೆ. ಉದ್ದ ಒಂದಿದೆ, ಅಷ್ಟೆ" ಅಂದೆ.

ಬೇರೆ ಕಾಲೇಜಿನವರ ಸರದಿ ಬಂತು. ಅವರು ದೊಡ್ಡ ಊರಿನವರು. ತಮ್ಮ ಇಬ್ಬರೂ ಹುಡುಗಿಯರು ದೇಶಕ್ಕೇ ಆಡುವವರು ಅಂತ ಹತ್ತು ನಿಮಿಷ ಹೇಳಿದರು. ನಾವು ಮೂವರೂ ಮುಖ ಮುಖ ನೋಡಿಕೊಂಡು, ಎಂಥ ನಾಚಿಕೆಗೆಟ್ಟ ಮನುಷ್ಯ ಅಂತ ಮುಸಿ ಮುಸಿ ನಕ್ಕೆವು. ಅರ್ಧ ಗಂಟೆಯಲ್ಲಿ ಪಟ್ಟಿ ಅಂಟಿಸಿದರು. ಆ ವರ್ಷ ವಿಶ್ವವಿದ್ಯಾಲಯದ ತಂಡದಲ್ಲಿ ನಮ್ಮ ಜಿಲ್ಲೆಯವರು ಒಬ್ಬರೂ ಇರಲಿಲ್ಲ.

ನಾನು ಆಗಲೇ ಹೋಗಿ "ಸಾರ್, ಅದು ಮಾತಿಗೆ ಅಂದಿದ್ದು, ಇವಳಂಥ ಆಟಗಾರ್ತಿ ನಿಮಗೆ ಸಿಗಲ್ಲ" ಅನ್ನಬಹುದಿತ್ತು. ಅವರು ಇನ್ನೂ ಅಲ್ಲೇ ಟೀ ಕುಡಿಯುತ್ತಿದ್ದರು. ಇಪ್ಪತ್ತು ಹೆಜ್ಜೆ. ಅಷ್ಟು ಹೆಜ್ಜೆ ನಡೆಯಲು ನನ್ನಿಂದ ಆಗಲಿಲ್ಲ. ಹುಡುಗಿ ಪಕ್ಕದಲ್ಲೇ ಇದ್ದಾಳೆ, ಕೇಳಿಸಿಕೊಂಡುಬಿಡುತ್ತಾಳೆ ಅನ್ನುವ ಭಯ. ಒಂದು ಒಳ್ಳೆಯ ಮಾತನ್ನು ಅವಳು ಕೇಳಿಸಿಕೊಂಡರೆ ಏನು ಮುಳುಗಿಹೋಗುತ್ತಿತ್ತು ಅಂತ ಇವತ್ತಿಗೂ ನನಗೆ ಉತ್ತರ ಸಿಕ್ಕಿಲ್ಲ.

ಬಸ್ಸಿನಲ್ಲಿ ಅವಳು ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದಳು. ತಿರುಗದೆಯೇ ಕೇಳಿದಳು.

"ಸಾ, ನಿಜವಾಗ್ಲೂ ನಂಗೆ ಏನೂ ಬರಾಕಿಲ್ವಾ?"

"ಎಡಗೈ ಇನ್ನೂ ಸರಿಯಾಗಬೇಕು. ಮುಂದಿನ ವರ್ಷ ನೋಡೋಣ" ಅಂದೆ.

"ನಂದು ಇದೇ ಕೊನೇ ವರ್ಷ ಸಾ."

ಮೂರು ವರ್ಷ ಬೆಳಿಗ್ಗೆ ಬೆಳಿಗ್ಗೆ ಬಯ್ದ ಮೇಷ್ಟ್ರಿಗೆ ಆ ಹುಡುಗಿ ಯಾವ ವರ್ಷದಲ್ಲಿದ್ದಾಳೆ ಅನ್ನುವುದೂ ನೆನಪಿಗೆ ಬರಲಿಲ್ಲ.

ತರಬೇತಿ

ಕೋಟಾ ಸೀಟು ತಪ್ಪಿತು. ಅವಳು ಒಂದು ವರ್ಷ ಕೊಣನೂರಿನಲ್ಲಿ ಅವ್ವನ ಪಕ್ಕ ಕೂತು ರವಿಕೆಗೆ ಹುಕ್ಕು ಹಾಕಿದಳು ಅಂತ ಶಾಂತಿಗ್ರಾಮದವಳು ಹೇಳಿದಳು. ಆಮೇಲೆ ತಾನೇ ಓದಿ ಪರೀಕ್ಷೆ ಬರೆದು ಸೀಟು ಹಿಡಿದಳಂತೆ. ನಾನು ಫೋನು ಮಾಡಲಿಲ್ಲ. ಮಾಡಿ ಏನು ಹೇಳುವುದು?

ಆ ನಡುವೆ ನಮ್ಮ ಕಾಲೇಜಿಗೆ ಒಬ್ಬರು ತರಬೇತಿ ಕೊಡಲು ಬಂದರು. ಮಕ್ಕಳನ್ನು ಬಯ್ಯದೆ ಬೆಳೆಸುವುದು ಹೇಗೆ ಅಂತ ಇಡೀ ದಿನದ ಶಿಬಿರ. ಮೆತ್ತನೆಯ ದನಿ, ಸದಾ ನಗುಮುಖ. ಪ್ರಿನ್ಸಿಪಾಲರು ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ಶಿಬಿರ ಇಟ್ಟದ್ದೇ ನನಗಾಗಿ ಅಂತ ಎಲ್ಲರಿಗೂ ಗೊತ್ತಿತ್ತು.

"ನಿಮ್ಮ ತಂಡದ ಬಗ್ಗೆ ಮೂರು ಒಳ್ಳೆಯ ಮಾತು ಹೇಳಿ ಸರ್" ಅಂದರು.

ನಾನು ಎದ್ದು ನಿಂತು ಯೋಚಿಸಿದೆ. "ಟೈಮಿಗೆ ಬರ್ತಾರೆ" ಅಂದೆ.

"ಗುಡ್. ಎರಡನೆಯದು?"

"ಬೂಟು ಹಾಕ್ಕೊಂಡು ಬರ್ತಾರೆ."

"ಅದು ಒಳ್ಳೆಯ ಮಾತಲ್ಲ ಸರ್. ಅವರ ಗುಣ ಹೇಳಿ, ಪ್ರತಿಭೆ ಹೇಳಿ."

"ಇದ್ದರೆ ಹೇಳ್ತಿದ್ದೆ."

ಹೀಗೆ ಅರ್ಧ ಗಂಟೆ ನಡೆಯಿತು. ಅವರು ನಗುತ್ತಾ ನಗುತ್ತಾ ಕೇಳುತ್ತಲೇ ಇದ್ದರು, ನಾನು ಬೆವರುತ್ತಾ ಬೆವರುತ್ತಾ ನಿಂತೇ ಇದ್ದೆ. ನಿಜ ಹೇಳುತ್ತೇನೆ, ನನಗೆ ಹಟವಿರಲಿಲ್ಲ. ಕೊಣನೂರಿನ ಹುಡುಗಿಯ ಬಗ್ಗೆ ಹೇಳೋಣ ಅಂತ ಮಾತು ಗಂಟಲವರೆಗೂ ಬಂದಿತ್ತು. ಅಲ್ಲಿಂದ ಆಚೆಗೆ ದಾರಿ ಇರಲಿಲ್ಲ. ಕೊನೆಗೆ ಅವರ ನಗು ನಿಂತಿತು. ಕೈಯಲ್ಲಿದ್ದ ಫೈಲನ್ನು ಮೇಜಿನ ಮೇಲೆ ಬಡಿದರು.

"ಒಂದು ಮಾತು ಹೇಳೋಕೆ ಬರಲ್ವೇನ್ರೀ ನಿಮಗೆ? ಎಷ್ಟು ಸಲ ಹೇಳಬೇಕು? ತಲೆಯಲ್ಲಿ ಏನು ತುಂಬ್ಕೊಂಡಿದೀರಿ?"

ಪ್ರಿನ್ಸಿಪಾಲರು ಗಾಬರಿಯಾಗಿ ಎದ್ದು ನಿಂತರು. ನನಗೆ ಮಾತ್ರ ಎದೆ ಹಗುರವಾಯಿತು. "ಈಗ ಸರಿಯಾಗಿ ಕಲಿಸ್ತಾ ಇದೀರಿ ಸಾರ್" ಅಂದೆ. ಅದು ನಾನು ಜೀವನದಲ್ಲಿ ಇನ್ನೊಬ್ಬರಿಗೆ ಹೇಳಿದ ಮೊದಲ ಒಳ್ಳೆಯ ಮಾತು.

ಚನ್ನರಾಯಪಟ್ಟಣ

ನಿವೃತ್ತನಾಗಿ ಮೂರು ತಿಂಗಳಿಗೆ ನಮ್ಮ ಮನೆಯವಳು ಕೈಮುಗಿದಳು. "ಬೆಳಿಗ್ಗೆ ಎದ್ದು ಕುಕ್ಕರ್‌ಗೆ ಬಯ್ತೀರ, ಹಾಲಿನೋನಿಗೆ ಬಯ್ತೀರ, ಟಿ.ವಿ.ಗೆ ಬಯ್ತೀರ. ಎಲ್ಲಾದ್ರೂ ಹೋಗಿ ಒಂದಷ್ಟು ಮಕ್ಕಳಿಗೆ ಬಯ್ದು ಬನ್ನಿ, ನಿಮಗೂ ಆರೋಗ್ಯ, ನಮಗೂ ಆರೋಗ್ಯ."

ನನಗೂ ಸೀಟಿ ಊದದೆ ಬಾಯಿ ಒಣಗಿತ್ತು. ಚನ್ನರಾಯಪಟ್ಟಣದ ಒಂದು ಕಾಲೇಜಿನಲ್ಲಿ ಹೆಣ್ಣುಮಕ್ಕಳ ತಂಡಕ್ಕೆ ಸಂಜೆ ಹೊತ್ತು ಬರುವ ಕೋಚು ಬೇಕಂತೆ ಅಂತ ತಿಳಿಯಿತು. ಅರ್ಜಿ ಹಾಕಿ, ಹೇಳಿದ ದಿನ ಹೋದೆ. ಕಮಿಟಿಯ ರೂಮಿನಲ್ಲಿ ಮೂವರಿದ್ದರು. ಮಧ್ಯದಲ್ಲಿ ಕಾರ್ಯದರ್ಶಿ. ಜವಳಿ ವ್ಯಾಪಾರದ ಜೈನ ಮನೆತನದವರು, ಜೋರಾಗಿ ಮಾತಾಡಿ ಗೊತ್ತಿಲ್ಲದವರು. ಎಡಗಡೆ ಒಬ್ಬ ವಕೀಲರು. ಬಲಗಡೆ ಕೂತಿದ್ದವಳು ಎದ್ದು ನಿಂತಳು. ನಿಂತಾಗ ಬಾಗಿಲಿನಷ್ಟು ಎತ್ತರ.

ಆ ಕಾಲೇಜಿನ ಆಟದ ಮೇಷ್ಟ್ರು ಈಗ ಕೊಣನೂರು.

ಬಂದು ಕಾಲು ಮುಟ್ಟಿದಳು. ಕುರ್ಚಿ ಎಳೆದುಕೊಟ್ಟಳು. ತಾನೇ ಹೋಗಿ ಕಾಫಿ ತಂದಳು, ಸಕ್ಕರೆ ಕಡಿಮೆ ಅನ್ನುವುದೂ ನೆನಪಿತ್ತು. ಹತ್ತು ವರ್ಷದ ಮೇಲೆ ನೋಡುತ್ತಿದ್ದೇನೆ, ನನ್ನ ಬಾಯಿಂದ ಬಂದ ಮಾತು: "ದಪ್ಪ ಆಗಿದೀಯ."

ಕಾರ್ಯದರ್ಶಿಗಳು ನನ್ನ ಅರ್ಜಿ ನೋಡಿ ಸಂತೋಷಪಟ್ಟರು. ಓಟದ ಕಪ್ಪಿನ ಬಗ್ಗೆ ವಿಚಾರಿಸಿದರು. ಆಮೇಲೆ ಅವಳ ಕಡೆ ತಿರುಗಿದರು. "ನಿಮಗೇ ಗುರುಗಳಂತಲ್ಲಮ್ಮ. ಮೂರು ವರ್ಷ ಹತ್ತಿರದಿಂದ ನೋಡಿದೀರಿ. ನಿಮ್ಮ ಮಾತೇ ಕೊನೆ. ಹೇಳಿ, ಹೇಗೆ ಇವರು?"

ಅವಳು ನನ್ನ ಕಡೆ ಒಂದು ಸಲ ನೋಡಿದಳು. ಮುಖದಲ್ಲಿ ಕೋಪವೂ ಇಲ್ಲ, ನಗುವೂ ಇಲ್ಲ.

"ಏನೂ ಬರಾಕಿಲ್ಲ ಸಾ ಇವ್ರಿಗೆ. ಬಾಯಿ ಒಂದಿದೆ, ಅಷ್ಟೆ."

ಚನ್ನರಾಯಪಟ್ಟಣದವರಿಗೂ ಪದ್ಧತಿ ಗೊತ್ತು. ಕಾರ್ಯದರ್ಶಿಗಳು ನಕ್ಕು, "ಛೆ ಛೆ, ಹಂಗನ್ಬಾರದಮ್ಮ, ದೊಡ್ಡವರು" ಅನ್ನಲು ಬಾಯಿ ತೆರೆದರು. ತೆರೆದರು ಅಷ್ಟೆ. ಗೋಡೆಯ ಗಡಿಯಾರ ನಾಲ್ಕು ತೋರಿಸುತ್ತಿತ್ತು. ಅವಳ ಬ್ಯಾಗಿನೊಳಗಿಂದ ಒಂದು ದನಿ ಕಿರುಚಿತು:

"ಏಯ್ ಕೊಣನೂರು! ಎದ್ದಿದೀಯೋ ಇಲ್ವೋ? ಕಾಲು ಉದ್ದ ಇದ್ರೆ ಸಾಲದು, ನೆಲದ ಮೇಲೆ ಇಡಬೇಕು. ಏಳು ಮೇಲಕ್ಕೆ, ಬಸ್ಸು ನಿಮ್ಮಪ್ಪಂದಲ್ಲ!"

ವಕೀಲರ ಕೈಯಿಂದ ಪೆನ್ನು ಬಿತ್ತು. ಅವಳು ಬ್ಯಾಗಿನಲ್ಲಿ ಫೋನು ಹುಡುಕುವಷ್ಟರಲ್ಲಿ ಇನ್ನೊಂದು ಸಲ ಪೂರ್ತಿ ಕೇಳಿಸಿತು. ಕಾರ್ಯದರ್ಶಿಗಳು ಬ್ಯಾಗನ್ನು ನೋಡಿದರು, ನನ್ನನ್ನು ನೋಡಿದರು. ಮೆಲ್ಲಗೆ ಕೇಳಿದರು: "ಇವರೇ ಅಲ್ವೇನಮ್ಮ ಅದು?"

"ಊಂ ಸಾ. ಪ್ರಾಕ್ಟೀಸಿನ ಅಲಾರಾಂ."

ವಕೀಲರು ಕೆಮ್ಮಿದರು. "ಈಗಿನ ಪೇರೆಂಟ್ಸು ಕೋರ್ಟಿಗೇ ಬಂದ್ಬಿಡ್ತಾರೆ. ಆಟದ ಕೋರ್ಟಿಗಲ್ಲ" ಅಂದರು. ಕಾರ್ಯದರ್ಶಿಗಳು ನನ್ನ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ, "ತಿಳಿಸ್ತೀವಿ ಸಾರ್" ಅಂದರು. ತಿಳಿಸುವುದಿಲ್ಲ ಅನ್ನುವುದನ್ನು ಅಷ್ಟು ಮೆತ್ತಗೆ ಹೇಳಿದವರನ್ನು ನಾನು ನೋಡಿಲ್ಲ.

ಅವಳು ನನ್ನ ಜೊತೆ ಹೊರಗೆ ಬಂದಳು. 

"ಸೇಡು ತೀರಿಸ್ಕೊಂಡೆಯೇನಮ್ಮ?" ಅಂದೆ.

"ಸೇಡಾ? ಅವತ್ತು ನೀವು ನನ್ ಮೇಲೆ ಸೇಡಿಗೆ ಅಂಗಂದಿದ್ರಾ ಸಾ?"

"ಇಲ್ಲ."

"ಮತ್ತೆ ಇದೂ ಅಲ್ಲ. ಎದುರಿಗೆ ಒಗಳುದ್ರೆ ಕೆಟ್ಟೋಯ್ತೀರಿ ಅಂತ ಅಂದೆ."

ನನಗೆ ಕೋಪ ಬರಲಿಲ್ಲ. ನಾಚಿಕೆಯಾಯಿತು. ಆ ಒಂದು ಮಾತನ್ನು ಅವಳು ಹತ್ತು ವರ್ಷ ಹೊತ್ತಿದ್ದಳು. ನನಗೆ ಹತ್ತು ನಿಮಿಷವೂ ಹೊರಲು ಆಗುತ್ತಿರಲಿಲ್ಲ. "ಆ ಅಲಾರಾಂ ಯಾಕೆ ಇಟ್ಕೊಂಡಿದೀಯ ಇನ್ನೂ?" ಅಂದೆ.

"ಏಳು ಫೋನ್ ಬದಲಾಯ್ಸಿವ್ನಿ ಸಾ, ಅದನ್ನ ಮಾತ್ರ ಬುಟ್ಟಿಲ್ಲ. ನೀವು ನನಗೋಸ್ಕರ ನಿಂತ್ಕಂಡು ಮಾತಾಡಿದ್ದು ಅದೊಂದೇ ಸಲ ಅಂತ ಅವ್ವ ಯೋಳ್ತಿರ್ತದೆ."

ಕೋರ್ಟಿನಲ್ಲಿ ಹತ್ತು ಹನ್ನೆರಡು ಹುಡುಗಿಯರು ಆಡುತ್ತಿದ್ದರು. ಒಬ್ಬಳು ಫ್ರೀ ಥ್ರೋ ತಪ್ಪಿಸಿದಳು. ಕೊಣನೂರು ಅವಳ ಹೆಸರು ಹಿಡಿದು ಕರೆದು, "ಪರವಾಗಿಲ್ಲ ಕಣಮ್ಮ, ಇನ್ನೊಂದ್ಸಲ" ಅಂದಳು. ನನಗೆ ಮೈ ಉರಿಯಿತು. ಎರಡನೆಯದು ಬಿತ್ತು. "ಶಹಬ್ಬಾಸ್" ಅಂದಳು. ಈಗ ಕೆಡುತ್ತಾಳೆ ಅಂತ ನಾನು ಕಾದೆ. ಮೂರನೆಯದೂ ಬಿತ್ತು, ನಾಲ್ಕನೆಯದೂ ಬಿತ್ತು.

"ರೌಂಡು ಇಲ್ವ ಇವರಿಗೆ?"

"ಐತೆ ಸಾ, ಲೇಟಾಗಿ ಬಂದೋರಿಗೆ ಮಾತ್ರ. ನಿಮ್ದು ಅಂತ ಅದೊಂದು ಇಟ್ಕಂಡಿವ್ನಿ" ಅಂದು, ಬ್ಯಾಗನ್ನು ನನ್ನ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು, ಬಾಲು ತೆಗೆದುಕೊಂಡಳು. ಮೂರು ಹೆಜ್ಜೆ ಓಡಿ ಮೇಲೆದ್ದಳು. ಎಡಗೈ. ಬಾಲು ಬೋರ್ಡಿನ ಮೂಲೆಗೆ ಮುತ್ತಿಟ್ಟ ಹಾಗೆ ತಗುಲಿ ಒಳಗೆ ಬಿತ್ತು. ಹತ್ತು ವರ್ಷದ ಹಿಂದೆ ಸರಿಯಾಗಬೇಕು ಅಂದಿದ್ದೆನಲ್ಲ, ಆ ಎಡಗೈ. ಅವತ್ತೂ ಅದು ಹೀಗೇ ಇತ್ತು.

ನನಗೆ ತಡೆಯಲಾಗಲಿಲ್ಲ. ಬಾಯಿ ತೆರೆದೆ. "ಶಹಬ್ಬಾಸ್!" ಅಂದೆ.

ನನಗಿರುವುದು ಒಂದೇ ದನಿ. ಬಂದದ್ದು ಅದೇ ದನಿಯಲ್ಲಿ, ಆ ಮಕ್ಕಳು ದಿನಾ ನಾಲ್ಕಕ್ಕೆ ಬ್ಯಾಗಿನೊಳಗಿಂದ ಕೇಳುವ ದನಿಯಲ್ಲಿ. ಕೋರ್ಟಿನಲ್ಲಿದ್ದ ಹುಡುಗಿಯರೆಲ್ಲ ಬೆಚ್ಚಿಬಿದ್ದು, ಬಾಲು ಕೆಳಗಿಟ್ಟು, ಸಾಲಾಗಿ ರೌಂಡು ಹೊಡೆಯಲು ಓಡಿದರು. ಅವರ ಜೊತೆ ಕೊಣನೂರೂ ಅಭ್ಯಾಸ ಬಲದಿಂದ ನಾಲ್ಕು ಹೆಜ್ಜೆ ಓಡಿಬಿಟ್ಟಳು. ಆಮೇಲೆ ನಿಂತಳು. ತಿರುಗಿ ನನ್ನ ಹತ್ತಿರ ಬಂದಳು. ಕಣ್ಣು ತುಂಬಿತ್ತು.

"ಏನಂದ್ರಿ ಸಾ?"

ಇನ್ನೊಂದು ಸಲ ಹೇಳಬಹುದಿತ್ತು. ಒಂದೇ ಪದ. ಪಕ್ಕದಲ್ಲಿ ಯಾರೂ ಇರಲಿಲ್ಲ.

"ಮೊಣಕೈ ಒಳಗಿರಲಿ ಅಂದೆ."

"ಕೇಳುಸ್ತು ಬುಡಿ ಸಾ" ಅಂದಳು ಅವಳು. ಮೂಗೊರೆಸಿಕೊಂಡು ಮಕ್ಕಳನ್ನು ವಾಪಸ್ಸು ಕರೆಯಲು ಹೋದಳು. ಅವರು ನಿಲ್ಲಲೇ ಇಲ್ಲ. ನಾನು ಇನ್ನೂ ಅಲ್ಲೇ ನಿಂತಿದ್ದೆನಲ್ಲ, ನಾನು ಗೇಟು ದಾಟುವವರೆಗೂ ಓಡಿದರಂತೆ.